ಎಮ್ಮೆ ಮಾರಿ ತಂದ ಗಾಲಿ, ಬ್ರೇಕ್ ಹಿಡಿದರೆ ಟಕ್ ಟಕ್!

ಸೋಮವಾರ ಬೆಳಿಗ್ಗೆ ತಿಕೋಟಾದಿಂದ ವಿಜಯಪುರಕ್ಕೆ ಬರುವ ಬಸ್ಸು. ಎಂದಿನಂತೆ ಕಾಲಿಡಲು ಜಾಗವಿಲ್ಲ. ನಟ್ಟನಡುವೆ ಹದಿನೇಳೋ ಹದಿನೆಂಟೋ ವಯಸ್ಸಿನ ಒಬ್ಬ ಹುಡುಗ. ತೆಕ್ಕೆಯಲ್ಲಿ ದೊಡ್ಡ ಗೋಣಿಚೀಲ. ಪಕ್ಕದಲ್ಲಿ ಅವನ ಅಪ್ಪ. ಲಗೇಜ್ ಟಿಕೆಟ್ ಹರಿಯಲು ಕಂಡಕ್ಟರ್ ಬಂದರು.

"ಏನೈತೋ ತಮ್ಮಾ ಚೀಲದಾಗ?"

"ಗಾಲಿ ರೀ ಸರ. ಸೈಕಲ್ ಗಾಲಿ."

"ಸೈಕಲ್ ಗಾಲೀನ ಕೂಸಿನಂಗ ಯಾಕ ಹಿಡ್ಕೊಂಡಿ? ಕೆಳಗ ಇಡು."

"ಬ್ಯಾಡ್ರಿ, ಕಾರ್ಬನ್ ಐತ್ರಿ. ನಲವತ್ತೆರಡು ಸಾವಿರ ಕೊಟ್ಟೇವಿ."

ಬಸ್ಸು ಒಂದು ಗಳಿಗೆ ಗಪ್ಪು! "ಎರಡು ಗಾಲಿಗೆ ನಲವತ್ತೆರಡು ಸಾವಿರ? ನನ್ನ ಮೋಟಾರ್ ಸೈಕಲ್ ಮಾರಿದ್ರೂ ಅಷ್ಟ ಬರೂದಿಲ್ಲಲೇ" ಎಂದು ಹಿಂದಿನ ಸೀಟಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಹುಡುಗನ ಅಪ್ಪ ಮಾತ್ರ ನಗಲಿಲ್ಲ. ಕಿಟಕಿ ಕಡೆ ನೋಡುತ್ತಾ, "ಎಮ್ಮಿ ಮಾರೀನ್ರಿ" ಅಂದ.

ಈ ವರದಿಗಾರನೂ ಅದೇ ಬಸ್ಸಿನಲ್ಲಿದ್ದ. ಇಳಿದ ಮೇಲೆ ಅಪ್ಪ-ಮಗನ ಬೆನ್ನು ಹತ್ತಿ ಸ್ಟೇಷನ್ ರಸ್ತೆ ಕಡೆಯ ಒಂದು ಸೈಕಲ್ ಅಂಗಡಿಗೆ ಹೋದೆ. ಅಲ್ಲಿ ನೋಡಿದ್ದು, ಆಮೇಲೆ ನಾಲ್ಕು ದಿನ ಅವರಿವರನ್ನು ಕೇಳಿ ತಿಳಿದದ್ದು ಇಲ್ಲಿದೆ. ಸೈಕಲ್ ತುಳಿಯುವ ಮಗನೋ ತಮ್ಮನೋ ಮನೆಯಲ್ಲಿದ್ದರೆ, ಇಲ್ಲವೇ ಅಂಥ ಹುಡುಗನ ಅಪ್ಪನಿಗೆ ಅಂಗಡಿಯಲ್ಲಿ ಉದ್ರಿ ಕೊಟ್ಟಿದ್ದರೆ, ಇದು ನಿಮ್ಮ ವಿಷಯವೂ ಹೌದು.

ನಮ್ಮೂರಲ್ಲೇ ಯಾಕೆ?

ವಿಜಯಪುರ, ಬಾಗಲಕೋಟೆ ಅಂದರೆ ರಾಜ್ಯದಲ್ಲಿ ಸೈಕಲ್ಲಿಗೆ ಹೆಸರಾದ ಜಿಲ್ಲೆಗಳು. ಬೆಳಿಗ್ಗೆ ಐದಕ್ಕೇ ಸೊಲ್ಲಾಪುರ ರಸ್ತೆಯಲ್ಲಿ ನಿಂತು ನೋಡಿ, ಹುಡುಗ ಹುಡುಗಿಯರು ಬೆನ್ನು ಬಾಗಿಸಿ ಸಾಲುಗಟ್ಟಿ ಹೋಗುತ್ತಿರುತ್ತಾರೆ. ಹೆಚ್ಚಿನವರು ಒಕ್ಕಲುತನದ ಮನೆಯವರು, ಕೂಲಿ ಮಾಡುವವರ ಮಕ್ಕಳು. ಪದಕ ಬಂದರೆ ಕ್ರೀಡಾ ಕೋಟಾದಲ್ಲಿ ರೈಲ್ವೆಯಲ್ಲೋ ಸೈನ್ಯದಲ್ಲೋ ನೌಕರಿ ಸಿಕ್ಕೀತು ಎಂಬುದೊಂದೇ ಆಸೆ. ಸಿಕ್ಕವರೂ ಇದ್ದಾರೆ. ಸಿಕ್ಕವರನ್ನು ನೋಡಿಯೇ ಉಳಿದವರು ಎಮ್ಮೆ ಮಾರುವುದು.

ಈ ಮಕ್ಕಳ ಸೈಕಲ್ಲು ಬಹುಪಾಲು ಹಳೆಯ ನಮೂನೆಯವು. ಬ್ರೇಕ್ ಒತ್ತಿದರೆ ಎರಡು ರಬ್ಬರು ಬಂದು ರಿಮ್ಮನ್ನು ಹಿಡಿಯುತ್ತವೆ. ಇದೇ ರಿಮ್ ಬ್ರೇಕು. ಈಗಿನ ದುಬಾರಿ ಸೈಕಲ್ಲುಗಳಲ್ಲಿ ಮೋಟಾರ್ ಸೈಕಲ್ಲಿನ ಹಾಗೆ ಹಬ್ಬಿನ ಹತ್ತಿರ ಬೇರೆ ತಟ್ಟೆ ಇರುತ್ತದೆ. ಅದು ಡಿಸ್ಕು.

ರಿಮ್ ಬ್ರೇಕು ಕೀಳು ಎಂದು ಯಾರೂ ತಿಳಿಯಬೇಕಾಗಿಲ್ಲ. 2019ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಕೊಲಂಬಿಯಾದ ಈಗನ್ ಬರ್ನಾಲ್ ತುಳಿದದ್ದು ರಿಮ್ ಬ್ರೇಕಿನ ಸೈಕಲ್ಲೇ. ಆದರೆ ವಿಶ್ವ ಸೈಕ್ಲಿಂಗ್ ಸಂಸ್ಥೆ ಯುಸಿಐ 2018ರಲ್ಲಿ ರಸ್ತೆ ರೇಸಿಗೆ ಡಿಸ್ಕನ್ನು ಪೂರ್ತಿ ಒಪ್ಪಿಕೊಂಡ ಮೇಲೆ ಕಂಪನಿಗಳೆಲ್ಲ ಆ ಕಡೆ ವಾಲಿದವು. ನಾಲ್ಕೈದು ವರ್ಷದೊಳಗೆ ದೊಡ್ಡ ತಂಡಗಳೂ ಹೋದವು. ಯುರೋಪು, ಬೆಂಗಳೂರು, ಪುಣೆಯ ದುಡ್ಡಿದ್ದವರು ಹಳೆಯ ಸೈಕಲ್ಲು, ಹಳೆಯ ಗಾಲಿ ಮಾರತೊಡಗಿದರು. ಅವು ಬಂದು ಸೇರುತ್ತಿರುವುದು ನಮ್ಮ ಹುಡುಗರ ಕೈಗೆ.

ಹೀಗಾಗಿ ಇವತ್ತು ರಿಮ್ ಬ್ರೇಕಿನ ಕಾರ್ಬನ್ ಗಾಲಿ ಒಂದು ಕಡೆ ಸೋವಿ, ಇನ್ನೊಂದು ಕಡೆ ಅಪರೂಪ. ಹೊಸದಾಗಿ ಮಾಡುವವರು ಕಡಿಮೆಯಾಗುತ್ತಿದ್ದಾರೆ. ಹಳೆಯದು ಮಾರುವವರು ಬೇಕಾದಷ್ಟು. ಅಪಾಯ ಇರುವುದು ಇಲ್ಲೇ.

ದುಡ್ಡು ಕೊಟ್ಟರೆ ಎಷ್ಟು ಓಟ?

ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಫಿಸಿಕ್ಸ್ ಅಷ್ಟಕ್ಕಷ್ಟೆ. ಆದರೂ ಇಷ್ಟು ಅರ್ಥವಾಯಿತು. ಸಪಾಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವವನ ಶಕ್ತಿಯಲ್ಲಿ ನೂರಕ್ಕೆ 80 ಪಾಲಿಗಿಂತ ಹೆಚ್ಚು ಗಾಳಿ ಸೀಳುವುದಕ್ಕೇ ಹೋಗುತ್ತದೆ. ಕಾರ್ಬನ್ ಗಾಲಿಯ ರಿಮ್ಮು ಅಂಗೈ ಅಗಲ ಎತ್ತರವಾಗಿ, ಹಿಂದೆ ಚೂಪಾಗಿ ಇರುತ್ತದೆ. ಗಾಳಿ ಅದರ ಮೇಲೆ ಜಾರಿ ಹೋಗುತ್ತದೆ. ಅದೇ ಆಕಾರ ಅಲ್ಯೂಮಿನಿಯಮ್ಮಿನಲ್ಲಿ ಮಾಡಿದರೆ ಭಾರ ಜಾಸ್ತಿ. ಕಾರ್ಬನ್‌ನಲ್ಲಿ ಹಗುರ.

ಲಾಭ ಎಷ್ಟು? ಆ ವೇಗದಲ್ಲಿ ಸಾದಾ ಗಾಲಿಗೂ ಒಳ್ಳೆಯ ಎತ್ತರದ ಗಾಲಿಗೂ ಸುಮಾರು ಹತ್ತು ವಾಟ್ ಅಂತರ. ಒಂಟಿಯಾಗಿ 40 ಕಿ.ಮೀ. ತುಳಿದರೆ ಹೆಚ್ಚುಕಡಿಮೆ 40 ಸೆಕೆಂಡು ಉಳಿತಾಯ. ಗುಂಪಿನ ಹಿಂದೆ ಅಡಗಿ ಕುಳಿತವನಿಗೆ ಅಷ್ಟೂ ಇಲ್ಲ. ತೂಕದ ಮಾತು ಹೇಳುವುದಾದರೆ, ಸೈಕಲ್ ಜೊತೆ ಬರುವ ಸಾದಾ ಜೋಡಿ 1.9 ಕಿಲೊ ಆಸುಪಾಸು, ಕಾರ್ಬನ್ ಜೋಡಿ ಒಂದೂವರೆ ಕಿಲೊ. ಅಂತರ ಅರ್ಧ ಲೀಟರ್ ನೀರಿನ ಬಾಟಲಿಗಿಂತ ಕಡಿಮೆ!

40 ಸೆಕೆಂಡು ಕಡಿಮೆಯೇನಲ್ಲ. ಟೈಮ್ ಟ್ರಯಲ್‌ನಲ್ಲಿ ಅಷ್ಟರಲ್ಲಿ ಪದಕ ಹೋಗುತ್ತದೆ, ಬರುತ್ತದೆ. ಹುಡುಗರ ಆಸೆಯನ್ನು ನಾನು ಹೀಯಾಳಿಸುತ್ತಿಲ್ಲ. ಆದರೆ ಅಂಗಡಿಯ ಚಾಚಾ ಹೇಳಿದ ಇನ್ನೊಂದು ಲೆಕ್ಕ ಕೇಳಿ. ಸೈಕಲ್ ಜೊತೆ ಬಂದ ಗಟ್ಟಿ ಟೈರು ತೆಗೆದು ಒಳ್ಳೆಯ ರೇಸ್ ಟೈರು ಹಾಕಿದರೆ, ಎರಡೂ ಸೇರಿ ಉಳಿಯುವ ಶಕ್ತಿ ಹತ್ತು ವಾಟಿಗಿಂತ ಕಡಿಮೆಯಿಲ್ಲ, ಹೆಚ್ಚೇ. ಖರ್ಚು ಒಂದಕ್ಕೆ ನಾಲ್ಕೈದು ಸಾವಿರ. "ನಲವತ್ತು ಸಾವಿರದ ಗಾಲಿಗೆ ಆರುನೂರು ರೂಪಾಯಿ ಟೈರ್ ಹಾಕ್ಕೊಂಡ ಬರ್ತಾವ್ರಿ, ಏನ ಹೇಳೂದು ಹುಡುಗರಿಗೆ" ಅಂದರು ಚಾಚಾ. ರೇಷ್ಮೆ ರುಮಾಲು ಸುತ್ತಿ ಬರಿಗಾಲಲ್ಲಿ ಹೊರಟ ಹಾಗೆ.

ಗಾಲಿಯೇ ಬ್ರೇಕು!

ಡಿಸ್ಕಿನ ಸೈಕಲ್ಲಿನಲ್ಲಿ ಗಾಲಿಯ ಕೆಲಸ ಓಡುವುದಷ್ಟೆ. ರಿಮ್ ಬ್ರೇಕಿನಲ್ಲಿ ಹಾಗಲ್ಲ, ರಿಮ್ಮಿನ ಗೋಡೆಯೇ ಬ್ರೇಕಿನ ಅರ್ಧ ಭಾಗ. ಪ್ರತಿ ಸಲ ಹಿಡಿದಾಗಲೂ ಆ ಗೋಡೆ ಒಂದಿಷ್ಟು ಸವೆಯುತ್ತದೆ, ಕಾಯುತ್ತದೆ. ಗಾಲಿಯಲ್ಲಿ ದುಡ್ಡು ಉಳಿಸಲು ಹೋದವನು ಬ್ರೇಕಿನಲ್ಲಿ ಉಳಿಸಿದ ಹಾಗೆಯೇ ಲೆಕ್ಕ.

ಶಾಖ ಎಷ್ಟಿರುತ್ತದೆ ಗೊತ್ತೇ? ಸವಾರ, ಸೈಕಲ್ ಸೇರಿ 80 ಕಿಲೊ ಎನ್ನಿ. ನೂರು ಅಡಿಗೆ ಹತ್ತು ಅಡಿ ಇಳಿಯುವ ಘಾಟಿನಲ್ಲಿ 30 ಕಿ.ಮೀ. ವೇಗ ದಾಟದಂತೆ ಬ್ರೇಕ್ ಹಿಡಿದೇ ಇಳಿದರೆ, ರಿಮ್ಮುಗಳಲ್ಲಿ ಹುಟ್ಟುವ ಶಾಖ ಸುಮಾರು 500 ವಾಟ್. ಸ್ನಾನದ ಬಕೀಟಿನಲ್ಲಿ ಇಳಿಬಿಡುವ ಸಾವಿರ ವಾಟಿನ ಕಾಯಿಲ್ ಇದೆಯಲ್ಲ, ಅದರ ಅರ್ಧ! ಅಲ್ಯೂಮಿನಿಯಂ ಈ ಶಾಖವನ್ನು ಸುತ್ತಲೂ ಹಂಚಿ ಗಾಳಿಗೆ ಬಿಡುತ್ತದೆ. ಕಾರ್ಬನ್ ರಿಮ್ಮು ಅಂದರೆ ಕಪ್ಪು ನೂಲನ್ನು ಅಂಟಿನಲ್ಲಿ ಅದ್ದಿ ಅಚ್ಚಿನಲ್ಲಿ ಬೇಯಿಸಿದ್ದು. ಅದು ಶಾಖ ಹಂಚುವುದಿಲ್ಲ, ಹಿಡಿದ ಜಾಗದಲ್ಲೇ ಕಾಯುತ್ತದೆ. ಅಂಟು ಕೀಳಾಗಿದ್ದರೆ ಮೆತ್ತಗಾಗುತ್ತದೆ. ಒಳಗಿನ ಟ್ಯೂಬಿನ ನೂರು ಪೌಂಡ್ ಗಾಳಿ ಆ ಮೆತ್ತಗಾದ ಗೋಡೆಯನ್ನು ಹೊರಗೆ ಒತ್ತುತ್ತದೆ. ರಿಮ್ಮು ಉಬ್ಬುತ್ತದೆ. ಕೆಲವು ಸಲ ಒಡೆಯುತ್ತದೆ. ಟ್ಯೂಬು ಸಿಡಿಯುವುದೂ ಉಂಟು.

ಒಳ್ಳೆಯ ತಯಾರಕರು 200 ಡಿಗ್ರಿಗಿಂತ ಹೆಚ್ಚು ಶಾಖ ತಡೆಯುವ ಅಂಟು ಹಾಕಿದ್ದೇವೆಂದು ಹೇಳುತ್ತಾರೆ. ಬ್ರೇಕ್ ಹಿಡಿಯುವ ಜಾಗಕ್ಕೆ ಗೀರು ಕೊರೆದು ಹಿಡಿತ ಹೆಚ್ಚಿಸುತ್ತಾರೆ. ಇದನ್ನು ಬರೆದು ಕೊಡದ ಮಾರಾಟಗಾರನಿಂದ ಕೊಳ್ಳುವುದು ಬೇಡ.

"ನಮ್ಮದು ಸಪಾಟು ನಾಡು, ಇಳಿಜಾರು ಎಲ್ಲಿ?" ಎಂದು ಕೇಳುವಿರಿ. ನಿಜ. ವಿಜಯಪುರದ ಸುತ್ತ ಸುಡುವಷ್ಟು ಬ್ರೇಕ್ ಹಿಡಿಯುವ ಪ್ರಸಂಗವೇ ಇಲ್ಲ. ನಮ್ಮ ಹುಡುಗರಿಗೆ ಇಳಿಯುವ ಅಭ್ಯಾಸವೂ ಇಲ್ಲ! ನಂದಿ ಬೆಟ್ಟದಂಥ ಕಡೆ ಹೋದಾಗ ಅಂಜಿ, ಮೇಲಿನಿಂದ ಕೆಳಗಿನವರೆಗೂ ಬ್ರೇಕ್ ಬಿಡದೆ ಇಳಿಯುತ್ತಾರೆ. ಕಾರ್ಬನ್ ರಿಮ್ಮು ಕೆಡಲು ಅದೇ ಬೇಕು. ಜೋರಾಗಿ ಒಮ್ಮೆ ಹಿಡಿದು ಬಿಡಬೇಕು, ಮತ್ತೆ ಹಿಡಿದು ಬಿಡಬೇಕು. ಮಳೆಯಲ್ಲಂತೂ ಕಾರ್ಬನ್ ರಿಮ್ಮಿನ ಹಿಡಿತ ಅಲ್ಯೂಮಿನಿಯಂಗಿಂತ ಕಡಿಮೆ, ಒತ್ತಿದ ಮೇಲೆ ಒಂದು ಗಳಿಗೆ ತಡೆದು ಹಿಡಿಯುತ್ತದೆ. ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ ಕಡೆ ಹೋಗುವವನು ಹಳೆಯ ಅಲ್ಯೂಮಿನಿಯಂ ಗಾಲಿ ಹಾಕಿಕೊಂಡು ಹೋಗುವುದೇ ಕ್ಷೇಮ.

ಬ್ರೇಕ್ ರಬ್ಬರಿನದು ಸಣ್ಣ ವಿಷಯ, ಆದರೆ ಹೆಚ್ಚು ಗಾಲಿ ಕೆಡುವುದು ಅದರಿಂದಲೇ ಎನ್ನುತ್ತಾರೆ ಚಾಚಾ. ಕಾರ್ಬನ್‌ಗೆಂದೇ ಮಾಡಿದ ರಬ್ಬರು ಬೇರೆ ಬರುತ್ತದೆ. ಅದನ್ನೇ ಹಾಕಬೇಕು. ಅಲ್ಯೂಮಿನಿಯಂ ಗಾಲಿಗೆ ಬಳಸಿದ ರಬ್ಬರನ್ನು ಕಾರ್ಬನ್‌ಗೆ ಮುಟ್ಟಿಸಲೂಬಾರದು. ಅದರಲ್ಲಿ ಲೋಹದ ಚೂರು ಸಿಕ್ಕಿಕೊಂಡಿರುತ್ತವೆ, ರಿಮ್ಮನ್ನು ಉಕ್ಕಿನ ಬ್ರಶ್ಶಿನಂತೆ ಗೀರುತ್ತವೆ. ಲೇಟೆಕ್ಸ್ ಟ್ಯೂಬು ಹಗುರವೆಂದು ಹಾಕುವ ಹುಡುಗರಿದ್ದಾರೆ. ರಿಮ್ ಬ್ರೇಕಿನ ಕಾರ್ಬನ್ ಗಾಲಿಗೆ ಅದು ಬೇಡವೆಂದು ತಯಾರಕರೇ ಎಚ್ಚರಿಸುತ್ತಾರೆ. ಶಾಖಕ್ಕೆ ತಾಳುವುದಿಲ್ಲ.

ಚೀಲ ಬಿಚ್ಚಿದಾಗ

ಈಗ ನಮ್ಮ ಹುಡುಗನ ಗೋಣಿಚೀಲಕ್ಕೆ ಬರೋಣ.

ಗಾಲಿ ಕಣ್ಣಿಗೆ ಚಂದ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ದೂರದ ದೊಡ್ಡ ಊರಿನ ಒಬ್ಬರಿಂದ ಫೋನಿನಲ್ಲೇ ವ್ಯವಹಾರ. ಫೋಟೋ ನೋಡಿ ದುಡ್ಡು ಕಳಿಸಿದ್ದಾರೆ, ಪಾರ್ಸೆಲ್ ಬಂದಿದೆ. ಹೊಸದಾದರೆ ಲಕ್ಷಕ್ಕೂ ಮೇಲಿನ ಮಾಲು, ಸೋವಿ ಸಿಕ್ಕಿತೆಂದು ಖುಷಿ. ಹಾಕಿ ತುಳಿದರೆ ಹಿಂದಿನ ಬ್ರೇಕ್ ಹಿಡಿದಾಗಲೆಲ್ಲ ಟಕ್, ಟಕ್, ಟಕ್...

ಚಾಚಾ ಮೊದಲು ಮುಂದಿನ ಗಾಲಿ ತಗೊಂಡರು. ಬ್ರೇಕ್ ಹಿಡಿಯುವ ಗೋಡೆಗೆ ಉಕ್ಕಿನ ಪಟ್ಟಿ ಅಡ್ಡ ಇಟ್ಟು ಬೆಳಕಿಗೆ ಹಿಡಿದರು. ಪಟ್ಟಿಗೂ ಗೋಡೆಗೂ ನಡುವೆ ಬೆಳಕು ಕಂಡರೆ ರಿಮ್ಮು ಬಟ್ಟಲಿನಂತೆ ಸವೆದಿದೆ ಎಂದರ್ಥ. ಇದಕ್ಕೆ ಬೆಳಕು ಕಾಣಲಿಲ್ಲ. ಆಮೇಲೆ ಒಂದು ರೂಪಾಯಿ ನಾಣ್ಯ ತೆಗೆದು ಸುತ್ತಲೂ ಕುಟ್ಟಿದರು. ಟಣ್ ಟಣ್ ಅಂದರೆ ಒಳ್ಳೆಯದು, ಒಂದು ಕಡೆ ದಬ್ ಅಂದರೆ ಒಳಗಿನ ಪದರ ಬಿಟ್ಟಿದೆ. ಮಾರುಕಟ್ಟೆಯಲ್ಲಿ ಮಡಕೆ ಬಾರಿಸಿ ನೋಡುತ್ತೀರಲ್ಲ, ಅದೇ ವಿದ್ಯೆ. ಮುಂದಿನದು ಪಾಸು.

ಹಿಂದಿನ ಗಾಲಿಗೆ ವರ್ನಿಯರ್ ಹಚ್ಚಿದರು. ಅಗಲ 25 ಮಿ.ಮೀ., 25, 25... ವಾಲ್ವಿನಿಂದ ಗೇಣುದ್ದ ಆಚೆ 25.9! ಎದುರಿನ ಕಡೆ ಮತ್ತೆ 25. ನಾಣ್ಯ ಕುಟ್ಟಿದರು, ದಬ್. ಯಾರೋ ಪುಣ್ಯಾತ್ಮರು ಯಾವುದೋ ಘಾಟು ಇಳಿದು ರಿಮ್ಮು ಕಾಯಿಸಿ ಉಬ್ಬಿಸಿಕೊಂಡಿದ್ದಾರೆ. ಮೇಲೆ ಪಾಲಿಶ್ ಹಚ್ಚಿ ಮಾರಿದ್ದಾರೆ.

"ರಿಪೇರಿ ಆಗ್ತೈತೇನ್ರೀ ಚಾಚಾ?" ಹುಡುಗನ ದನಿ ಸಣ್ಣಗಾಗಿತ್ತು.

"ಆಗೂದಿಲ್ಲ ಬೇಟಾ. ಕಬ್ಬಿಣ ಇದ್ರ ಬಡದ ಕೊಡ್ತಿದ್ದೆ."

ಅಪ್ಪ ಒಂದು ಮಾತು ಆಡಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತ. ಮಾರಿದವರಿಗೆ ಫೋನ್ ಮಾಡಿದರೆ "ಇದ್ದದ್ದು ಇದ್ದಂತೆ ಎಂದು ಹೇಳಿಯೇ ಕೊಟ್ಟಿದ್ದೆ" ಎಂಬ ಉತ್ತರ. ರಸೀದಿ ಇಲ್ಲ. ಕೇಳುವುದಾದರೂ ಯಾರನ್ನು?

ಹೊಸದು ಕೊಳ್ಳುವುದಾದರೆ

ಅಗ್ಗದ ಕಾರ್ಬನ್ ಗಾಲಿ ಹೆಚ್ಚಾಗಿ ಬರುವುದು ಚೀನಾದಿಂದ. ಅಲ್ಲಿನ ಶಿಯಾಮೆನ್ ಊರಿನಲ್ಲೇ ಇದರ ಕಾರ್ಖಾನೆಗಳು ಬಹಳ. ಯೋಲಿಯೊ, ಐಕ್ಯಾನ್, ಲೈಟ್ ಬೈಸಿಕಲ್, ಫಾರ್‌ಸ್ಪೋರ್ಟ್ಸ್, ಎಲೈಟ್‌ವೀಲ್ಸ್ ಎಂಬ ಹೆಸರುಗಳನ್ನು ಹುಡುಗರು ಮಂತ್ರದಂತೆ ಹೇಳುತ್ತಾರೆ. ಚೀನಾ ಮಾಲು ಅಂದ ಮಾತ್ರಕ್ಕೆ ಮೂಗು ಮುರಿಯಬೇಕಿಲ್ಲ, ಯುರೋಪಿನ ಹೆಸರು ಹೊತ್ತ ಎಷ್ಟೋ ಗಾಲಿ ಹುಟ್ಟುವುದೂ ಅಲ್ಲೇ. ಹೆಸರೇ ಇಲ್ಲದ, ಕೆಟ್ಟರೆ ಕೇಳಲು ವಿಳಾಸವಿಲ್ಲದ ಮಾಲು ಮಾತ್ರ ಬೇಡ.

ಮೊದಲು ಅಲಿಎಕ್ಸ್‌ಪ್ರೆಸ್‌ನಲ್ಲಿ ನೇರ ತರಿಸುತ್ತಿದ್ದರು. 2020ರ ನವೆಂಬರ್‌ನಲ್ಲಿ ಸರ್ಕಾರ ಅದನ್ನು ಬಂದ್ ಮಾಡಿತು. ಈಗ ಕಂಪನಿಗೇ ಬರೆದು ಕೊರಿಯರ್‌ನಲ್ಲಿ ತರಿಸಬೇಕು, ಇಲ್ಲವೇ ಇಲ್ಲಿನ ಆಮದುದಾರರ ಹತ್ತಿರ ಕೊಳ್ಳಬೇಕು. ನೇರ ತರಿಸುವವರು ಡಾಲರ್ ಬೆಲೆ ನೋಡಿ ಕುಣಿಯುತ್ತಾರೆ, ಕಸ್ಟಮ್ಸ್ ಸುಂಕದ ಚೀಟಿ ಬಂದಾಗ ತಲೆ ಮೇಲೆ ಕೈ. ಕೆಟ್ಟರೆ ವಾಪಸ್ ಕಳಿಸುವ ಖರ್ಚು ಬೇರೆ. ಐದಾರು ಸಾವಿರ ಹೆಚ್ಚಾದರೂ ಬಿಲ್ಲು, ವಾರಂಟಿ ಕೊಡುವ ಇಲ್ಲಿನ ಅಂಗಡಿಯೇ ವಾಸಿ ಎಂದು ನನಗನಿಸುತ್ತದೆ. ಸೈಕಲ್ಲು ಮತ್ತು ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 12 ಇದ್ದದ್ದು 5ಕ್ಕೆ ಇಳಿದಿದೆ. ಬಿಲ್ಲು ಹಾಕಿದರೆ ದುಬಾರಿ ಆಗುತ್ತದೆಂಬ ನೆಪ ಈಗ ಅಷ್ಟು ನಡೆಯುವುದಿಲ್ಲ.

ಎತ್ತರ ಎಷ್ಟು ಬೇಕು? ಹುಡುಗರಿಗೆ 80, 88 ಮಿ.ಮೀ. ರಿಮ್ಮಿನ ಮೋಹ, ನೋಡಲು ಭರ್ಜರಿ. ಆದರೆ ಆಷಾಢದ ಗಾಳಿ ನಮ್ಮ ಬಯಲಲ್ಲಿ ಹೇಗೆ ಬೀಸುತ್ತದೆ ನಿಮಗೇ ಗೊತ್ತು. ಪಕ್ಕದಿಂದ ಬೀಸಿದರೆ ಮುಂದಿನ ಗಾಲಿ ಹಾಯಿ ಕಟ್ಟಿದ ದೋಣಿ! ಎದುರು ಲಾರಿ ಹಾದುಹೋದಾಗ ಹ್ಯಾಂಡಲ್ ಕಿತ್ತುಕೊಂಡು ಹೋಗುತ್ತದೆ. ಹಗುರ ಮೈಯ ಹುಡುಗ ಹುಡುಗಿಯರಿಗೆ ಮುಂದೆ 38, ಹಿಂದೆ 50 ಸಾಕು. ಗುಂಪಿನಲ್ಲಿ ಹೊರಡುವ ರಸ್ತೆ ರೇಸುಗಳಿಗೆ 65 ಮಿ.ಮೀ. ಮೀರಿದ ರಿಮ್ಮು ಕೂಡದೆಂದು ಯುಸಿಐ 2026ರ ಜನವರಿಯಿಂದ ನಿಯಮವನ್ನೂ ಮಾಡಿದೆ.

ಕೊಳ್ಳುವ ಮುಂಚೆ ನಮ್ಮ ಸೈಕಲ್ಲಿಗೆ ಕೂರುತ್ತದೋ ನೋಡಬೇಕು. ಹಳೆಯ ಬ್ರೇಕಿನ ಬಾಯಿ ಸಣ್ಣದು. ಈಗಿನ ಹೊಸ ರಿಮ್ಮು ಹೊರ ಅಗಲ 28, 30 ಮಿ.ಮೀ. ಇರುತ್ತವೆ, ಬ್ರೇಕಿಗೂ ಚೌಕಟ್ಟಿಗೂ ಉಜ್ಜುತ್ತವೆ. 25, 26 ಮಿ.ಮೀ. ಸರಿ. ಹಿಂದಿನ ಹಬ್ಬು 130 ಮಿ.ಮೀ. ಅಗಲದ್ದಿರಬೇಕು. ಡಿಸ್ಕಿನ 142 ತಂದರೆ ಕೂರುವುದಿಲ್ಲ, ಅದಕ್ಕೆ ಬ್ರೇಕ್ ಹಿಡಿಯುವ ಗೋಡೆಯೂ ಇರುವುದಿಲ್ಲ. ಇನ್ನು 'ಹುಕ್‌ಲೆಸ್' ಎಂಬ ಹೊಸ ನಮೂನೆ ಬಂದಿದೆ, ಟೈರು ಹಿಡಿದುಕೊಳ್ಳುವ ಅಂಚು ಅದಕ್ಕಿಲ್ಲ. 72 ಪೌಂಡಿಗಿಂತ ಹೆಚ್ಚು ಗಾಳಿ ಹಾಕುವಂತಿಲ್ಲ. ನೂರು ಪೌಂಡ್ ಹೊಡೆದು ರೂಢಿಯಾದ ನಮ್ಮ ಹುಡುಗರಿಗೆ ಅದು ಬೇಡವೇ ಬೇಡ.

ಟ್ಯೂಬ್ಯುಲರ್ ಎಂಬುದು ಹಳೆಯ ಪದ್ಧತಿ. ಟೈರನ್ನೇ ರಿಮ್ಮಿಗೆ ಅಂಟಿಸುವುದು. ಗೋಡೆಗೆ ಗಾಳಿಯ ಒತ್ತಡ ಬೀಳದ ಕಾರಣ ಶಾಖಕ್ಕೆ ಹೆಚ್ಚು ತಾಳುತ್ತದೆ. ಹಳೆಯ ಮಾಲಿನಲ್ಲಿ ಬಹಳ ಸೋವಿ ಸಿಗುವುದೂ ಇದೇ. ಆದರೆ ನಮ್ಮ ರಸ್ತೆ ಬದಿ ಜಾಲಿ ಮುಳ್ಳು ಬಿದ್ದಿರುತ್ತದಲ್ಲ! ಪಂಕ್ಚರ್ ಆದರೆ ದಾರಿಯಲ್ಲಿ ಸೊಲ್ಯೂಷನ್ ಹಚ್ಚಿ ಹೊರಡುವ ಹಾಗಿಲ್ಲ, ಟೈರನ್ನೇ ಕಿತ್ತು ಬೇರೆ ಅಂಟಿಸಬೇಕು. ರೇಸಿನ ದಿನಕ್ಕೆ ಸರಿ, ದಿನಾ ತುಳಿಯಲು ಆಗದು.

ಚಾಚಾ ತಮ್ಮ ಲೆಕ್ಕದಲ್ಲಿ ಇನ್ನೊಂದು ಸೇರಿಸಿದರು. ಕಡ್ಡಿಯ ನಿಪ್ಪಲ್ ರಿಮ್ಮಿನ ಹೊರಗೆ ಕಾಣುವಂತಿರಬೇಕು. ಒಳಗೆ ಅಡಗಿದ್ದರೆ ಬೆಂಡ್ ತೆಗೆಯಲು ಪ್ರತಿ ಸಲ ಟೈರು ಬಿಚ್ಚಬೇಕು. ಕಡ್ಡಿ ಮುರಿದರೆ ಅದೇ ಅಳತೆಯದು ಸಿಗಬೇಕು. ಹೀಗಾಗಿ ಕೊಳ್ಳುವಾಗಲೇ ನಾಲ್ಕು ಕಡ್ಡಿ ಹೆಚ್ಚಿಗೆ ಕೇಳಿ ಇಟ್ಟುಕೊಳ್ಳಿ.

ಕ್ರೀಡಾ ಇಲಾಖೆಯವರಿಗೆ, ರೇಸ್ ನಡೆಸುವವರಿಗೆ

ಒಂದು ಜೋಡಿ ಗಾಲಿ ವರ್ಷಕ್ಕೆ ಎಷ್ಟು ದಿನ ರೇಸಿನಲ್ಲಿ ಓಡುತ್ತದೆ? ಹತ್ತು ದಿನ, ಹೆಚ್ಚೆಂದರೆ ಹದಿನೈದು. ಉಳಿದ ದಿನ ಗೋಡೆಗೆ ತೂಗುತ್ತದೆ. ಅದಕ್ಕಾಗಿ ಪ್ರತಿ ಮನೆಯವರೂ ಸಾಲ ಮಾಡಬೇಕೇ? ಜಿಲ್ಲೆಗೆ ಹತ್ತು ಜೋಡಿ ಒಳ್ಳೆಯ ಗಾಲಿ, ಅವುಗಳ ಜೊತೆಗೇ ಅದರ ಬ್ರೇಕ್ ರಬ್ಬರು ಇಟ್ಟು, ರಾಜ್ಯ ಮಟ್ಟಕ್ಕೆ ಹೋಗುವವರಿಗೆ ಸಹಿ ಮಾಡಿಸಿಕೊಂಡು ಕೊಟ್ಟು ಮರಳಿ ಪಡೆಯಬಹುದಲ್ಲ. ಗ್ರಂಥಾಲಯದಲ್ಲಿ ಪುಸ್ತಕ ಕೊಡುವುದಿಲ್ಲವೇ? ಜಾತ್ರೆ ರೇಸುಗಳಲ್ಲಿ ಸಣ್ಣ ವಯಸ್ಸಿನವರಿಗೆ ಅಲ್ಯೂಮಿನಿಯಂ ಗಾಲಿ ಮಾತ್ರ ಎಂದು ಕಮಿಟಿಯವರು ಒಂದು ಸಾಲು ಬರೆದರೆ ಸಾಕು, ಎಷ್ಟೋ ಅಪ್ಪಂದಿರು ಉಳಿದುಕೊಳ್ಳುತ್ತಾರೆ. ಸ್ಟಾರ್ಟಿನ ಗೆರೆಯಲ್ಲಿ ಒಬ್ಬರು ನಿಂತು ಎಲ್ಲರ ರಿಮ್ಮಿಗೂ ಒಂದು ನಾಣ್ಯ ಕುಟ್ಟಿ ನೋಡಲು ಅರ್ಧ ಗಂಟೆ ಸಾಲದೇ?

ಹುಡುಗ ಸದ್ಯ ಹಳೆಯ ಅಲ್ಯೂಮಿನಿಯಂ ಗಾಲಿ ಮತ್ತೆ ಹಾಕಿಕೊಂಡಿದ್ದಾನೆ. ಚಾಚಾ ಉದ್ರಿಯಲ್ಲಿ ಒಂದು ಜೋಡಿ ಒಳ್ಳೆಯ ಟೈರು ಕೊಟ್ಟಿದ್ದಾರೆ. ಉಬ್ಬಿದ ಹಿಂದಿನ ಗಾಲಿಯನ್ನು ಯಾರಿಗೂ ಮಾರಬಾರದೆಂದು ಗರಗಸದಿಂದ ಕೊಯ್ದು ಅಂಗಡಿಯ ಬಾಗಿಲಿಗೆ ತೂಗುಹಾಕಿದ್ದಾರೆ. ಮುಂದಿನ ಗಾಲಿ, 50 ಮಿ.ಮೀ., ಕ್ಲಿಂಚರ್, ಹೊರ ಅಗಲ 25, ಚೆನ್ನಾಗಿದೆ. ಬೇಕಾದವರು ಹೋಗಿ ನಾಣ್ಯ ಕುಟ್ಟಿ ನೋಡಬಹುದು. ಬೆಲೆ ಮಾತ್ರ ಹುಡುಗನ ಅಪ್ಪನ ಹತ್ತಿರ ಮಾತಾಡಬೇಕು. ಆತ ಬರುವುದು ಭಾನುವಾರ, ಸಂತೆಗೆ.